13ರ ಕಮಾಂಡರ್

ಫೊಯರ್‌ಕ್ರೀಗ್ ಡಿವಿಷನ್ ಅನ್ನೋ ನವನಾಜಿ ಗುಂಪಿನ ಬಗ್ಗೆ ಓದುತ್ತಾ ಕೂತಿದ್ದೆ. ಹುಟ್ಟಿದ್ದು 2018ರಲ್ಲಿ. ಯುರೋಪು, ಅಮೆರಿಕದ ಹುಡುಗರು ಚಾಟ್ ಗ್ರೂಪಿನಲ್ಲೇ ಸೇರುತ್ತಿದ್ದರು. ಕಚೇರಿ, ಮೆರವಣಿಗೆ ಏನೂ ಬೇಕಿರಲಿಲ್ಲ. 'ಕಮಾಂಡರ್' ಅಂತ ಒಬ್ಬ. ಯಾರನ್ನು ಸೇರಿಸಬೇಕು ಅನ್ನೋದನ್ನು ಅವನೇ ನೋಡುತ್ತಿದ್ದ, ಬಾಂಬಿನ ಮಾತಾಡುತ್ತಿದ್ದ. 2020ರಲ್ಲಿ ಗುಟ್ಟು ಬಯಲಾಯಿತು. ಎಸ್ಟೋನಿಯಾದ ಹುಡುಗ, ವಯಸ್ಸು 13! ಅಲ್ಲಿ 14 ತುಂಬದವರ ಮೇಲೆ ಕ್ರಿಮಿನಲ್ ಕೇಸ್ ಹಾಕುವಂತಿಲ್ಲ. ಅದೇ ವರ್ಷ ಜುಲೈನಲ್ಲಿ ಬ್ರಿಟನ್ ಆ ಗುಂಪನ್ನು ನಿಷೇಧಿಸಿತು. ಅವನ ಮಾತು ಕೇಳಿದವರಲ್ಲಿ ಅವನಿಗಿಂತ ದೊಡ್ಡವರೂ ಇದ್ದರು, ಅದೇ ಜಾಸ್ತಿ ಭಯ.

ನಮ್ಮ ಅಕ್ಕನ ಮಗನಿಗೂ 13. ರೂಮಿನ ಬಾಗಿಲು ಹಾಕಿಕೊಂಡು ಫೋನ್ ಹಿಡಿದಿದ್ದಾನೆ. ಗೇಮ್ ಇರಬೇಕು, ಅಲ್ವಾ? ಸುಮ್ನೆ ಬಾಗಿಲು ತಟ್ಟಿ, "ಊಟ ಆಯ್ತೇನೋ?" ಅಂತ ಕೇಳಿ ಬಂದೆ.