ಲೊರೇನ್ ಮೋಟೆಲ್‌ನ ಗುಡುಗು

ಅಮೆರಿಕದ ಮೆಂಫಿಸ್‌ಗೆ ಹೋದವರು ಮೊದಲು ನೋಡುವುದು ಎಲ್ವಿಸ್ ಪ್ರೀಸ್ಲಿಯ ಮನೆಯನ್ನು. ನಾನು ಅಮ್ಮನನ್ನು ಕರೆದುಕೊಂಡು ನೇರವಾಗಿ ಮಲ್ಬೆರಿ ಬೀದಿಯ ಲೊರೇನ್ ಮೋಟೆಲ್‌ಗೆ ಹೋದೆ. 1968ರ ಏಪ್ರಿಲ್ 4ರ ಸಂಜೆ ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟು ತಿಂದು ಬಿದ್ದದ್ದು ಇಲ್ಲಿಯೇ. 306ನೇ ಕೋಣೆಯ ಮುಂದಿನ ಕಂಬಿಗೆ ಕೆಂಪು ಬಿಳಿ ಹೂಗಳ ಚಕ್ರ ತೂಗುಹಾಕಿದ್ದಾರೆ, ಕೆಳಗೆ ಆ ಕಾಲದ ಎರಡು ಕಾರುಗಳು ನಿಂತಿವೆ. ಅಂಗಳದಲ್ಲಿದ್ದ ಮಕ್ಕಳು ಕೂಡ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು.

ನನಗೆ ಬೇಕಿದ್ದದ್ದು ಇದೇ ಕಟ್ಟಡದ ಇನ್ನೊಂದು ರಾತ್ರಿ. ಕಿಂಗ್ ಹತ್ಯೆಗೂ ಮೊದಲು, ಹೊರಗೆ ಸಿಡಿಲು ಗುಡುಗು ನಡೆದಿದ್ದಾಗ, ಗಾಯಕ ಎಡ್ಡಿ ಫ್ಲಾಯ್ಡ್ ಮತ್ತು ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಇಲ್ಲಿನ ಕೋಣೆಯೊಂದರಲ್ಲಿ ಕೂತು ‘ನಾಕ್ ಆನ್ ವುಡ್’ (ಮರ ತಟ್ಟು) ಹಾಡನ್ನು ಬರೆದರು. ಒಬ್ಬ ಕಪ್ಪು, ಒಬ್ಬ ಬಿಳಿ. ವರ್ಣಭೇದದ ಆ ಊರಿನಲ್ಲಿ ಇಬ್ಬರೂ ಒಟ್ಟಿಗೆ ಕೂರಬಹುದಾದ ಜಾಗಗಳು ಬೆರಳೆಣಿಕೆಯಷ್ಟಿದ್ದವು. ವಾಲ್ಟರ್ ಬೇಯ್ಲಿ, ಲೋರೀ ಬೇಯ್ಲಿ ದಂಪತಿ ನಡೆಸುತ್ತಿದ್ದ ಲೊರೇನ್ ಅವುಗಳಲ್ಲೊಂದು.

ಅಮ್ಮ ಕೇಳಿದಳು: “ಮರ ಯಾಕೆ ತಟ್ಟಬೇಕು?”

“ಸಿಕ್ಕ ಪ್ರೀತಿ ಕೈಜಾರದಿರಲಿ ಅಂತ. ನೀನು ದೃಷ್ಟಿ ತೆಗೆದು ನೆಟಿಗೆ ಮುರಿಯುವುದಿಲ್ಲವೇ, ಹಾಗೆ.”

ಚಿಕ್ಕಂದಿನಲ್ಲಿ ಗುಡುಗಿದಾಗ ಅಣ್ಣತಮ್ಮಂದಿರು ಮಂಚದಡಿ ಅಡಗುತ್ತಿದ್ದುದನ್ನು ಫ್ಲಾಯ್ಡ್ ಆ ರಾತ್ರಿ ನೆನಪಿಸಿಕೊಂಡನಂತೆ. ಹಾಡಿಗೆ ಗುಡುಗು ಬಂದದ್ದು ಅಲ್ಲಿಂದಲೇ. ಅಮ್ಮ ನಕ್ಕುಬಿಟ್ಟಳು: “ಪಾಪ, ಅರ್ಜುನಃ ಫಲ್ಗುಣಃ ಪಾರ್ಥಃ ಹೇಳಿಕೊಡುವವರು ಯಾರೂ ಇರಲಿಲ್ಲವೇನೋ!”

ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿದೆ ಸ್ಟ್ಯಾಕ್ಸ್ ಎಂಬ ಸಂಗೀತ ಕಂಪನಿಯ ಜಾಗ. ಹಾಡು ಧ್ವನಿಮುದ್ರಣಗೊಂಡು 1966ರಲ್ಲಿ ಹೊರಬಂದದ್ದು ಈ ಕಂಪನಿಯಿಂದ. ಮೂಲ ಕಟ್ಟಡವನ್ನು 1989ರಲ್ಲಿ ಕೆಡವಿದರು. ಈಗಿರುವುದು ಅದೇ ಜಾಗದಲ್ಲಿ ಅದರಂತೆಯೇ ಕಟ್ಟಿ 2003ರಲ್ಲಿ ತೆರೆದ ಸಂಗ್ರಹಾಲಯ. ನಕಲು ಎಂದು ಮೂಗು ಮುರಿಯುವ ಸಿದ್ಧತೆಯಲ್ಲೇ ಹೋಗಿದ್ದೆ. ಆದರೆ ಸ್ಟುಡಿಯೊದೊಳಗೆ ಕಾಲಿಟ್ಟಾಗ ನೆಲ ಇಳಿಜಾರು! ಮೊದಲು ಅದು ಸಿನಿಮಾ ಮಂದಿರ. ಕುರ್ಚಿಗಳನ್ನು ಕಿತ್ತವರು ನೆಲವನ್ನು ಸಮ ಮಾಡದೆ ಹಾಗೆಯೇ ಬಿಟ್ಟಿದ್ದರು. ಹೊಸದಾಗಿ ಕಟ್ಟಿದವರು ಆ ಇಳಿಜಾರನ್ನೂ ಮರೆತಿಲ್ಲ. ಅಮ್ಮ ನನ್ನ ಭುಜ ಹಿಡಿದು ನಿಧಾನವಾಗಿ ಇಳಿದಳು. ಗಾಯಕ ಐಸಾಕ್ ಹೇಯ್ಸ್‌ನ ಚಿನ್ನದ ಲೇಪದ ಕ್ಯಾಡಿಲ್ಯಾಕ್ ಕಾರಿನ ಮುಂದೆ ಫೋಟೊಕ್ಕಾಗಿ ನೂಕುನುಗ್ಗಲಿತ್ತು, ನಾವು ನಿಲ್ಲಲಿಲ್ಲ.

ವಾಪಸಾಗುವಾಗ ಕಾರಿನಲ್ಲಿ ಹಾಡನ್ನು ಹಾಕಿದೆ. ಮೊದಲಿಗೆ ಬರುವ ತುತ್ತೂರಿಗಳ ತುಣುಕು ‘ಇನ್ ದ ಮಿಡ್‌ನೈಟ್ ಅವರ್’ ಹಾಡಿನ ಆರಂಭವನ್ನು ತಲೆಕೆಳಗು ಮಾಡಿದ್ದು ಎಂದು ಕ್ರಾಪರ್ ಹೇಳಿದ್ದುಂಟು. ಅದನ್ನೂ ಅವನು ಗಾಯಕ ವಿಲ್ಸನ್ ಪಿಕೆಟ್ ಜತೆ ಬರೆದದ್ದು ಲೊರೇನ್‌ನಲ್ಲೇ. ಆಮೇಲೆ ಅದೇ ‘ನಾಕ್ ಆನ್ ವುಡ್’ ಬೇರೆಯವರ ದನಿಯಲ್ಲಿ. ಮೊದಲು 1967ರ ಓಟಿಸ್ ರೆಡಿಂಗ್ ಮತ್ತು ಕಾರ್ಲಾ ಥಾಮಸ್ ಜೋಡಿಯದು: ಇಬ್ಬರೂ ಒಬ್ಬರ ಕಾಲು ಇನ್ನೊಬ್ಬರು ಎಳೆಯುತ್ತಾ ಹಾಡಿದಂತಿದೆ. 1974ರ ಡೇವಿಡ್ ಬೋವಿಯ ವೇದಿಕೆಯ ಹಾಡನ್ನು ಅರ್ಧಕ್ಕೇ ದಾಟಿಸಿದೆ. ಕೊನೆಗೆ, 1979ರಲ್ಲಿ ಅಮೆರಿಕದ ಪಾಪ್ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಏಮಿ ಸ್ಟೂವರ್ಟ್‌ಳ ಡಿಸ್ಕೊ. ಆ ಪಟ್ಟಿಯಲ್ಲಿ ಅಷ್ಟು ಎತ್ತರಕ್ಕೆ ಫ್ಲಾಯ್ಡ್‌ನ ಹಾಡು ಏರಿರಲಿಲ್ಲ.

ಅಮ್ಮ ಒಂದು ನಿಮಿಷ ಕೇಳಿದಳು. “ಇದರಲ್ಲಿ ಹೆದರಿಕೆಯೇ ಇಲ್ಲವಲ್ಲೇ. ಮಂಚದಡಿ ಅಡಗುತ್ತಿದ್ದವನದನ್ನೇ ಹಾಕು.”