26ನೇ ತಾರೀಖು ಬಂತೆಂದರೆ

ತಿಂಗಳ 26ನೇ ತಾರೀಖು ನನಗೆ ಸಣ್ಣ ಹಬ್ಬ. ಕಾಫಿ ಮುಗಿಸಿದವಳೇ ಮೊಬೈಲ್ ತೆಗೆದು, 'ಜರ್ನಲ್ ಆಫ್ ಥ್ರೆಟೆಂಡ್ ಟ್ಯಾಕ್ಸಾ'ದ ಹೊಸ ಸಂಚಿಕೆ ಬಂತಾ ಅಂತ ನೋಡುತ್ತೇನೆ. ಕೊಯಮತ್ತೂರಿನಿಂದ ಬರುವ ವಿಜ್ಞಾನ ಪತ್ರಿಕೆ. ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳು, ಹೊಸದಾಗಿ ಸಿಕ್ಕ ಗಿಡ, ಕಪ್ಪೆ, ಜೇಡ, ಯಾವುದೋ ಊರಿನ ಹಕ್ಕಿಗಳ ಪಟ್ಟಿ, ಎಲ್ಲಾ ಇರುತ್ತವೆ. ಮುಖಪುಟದಲ್ಲಿ ಎಷ್ಟೋ ಸಲ ಯಾರೋ ಕೈಯಾರೆ ಬಿಡಿಸಿದ ಚಿತ್ರ. ಅದನ್ನು ನೋಡಿ ನೇರ ಕೊನೆಯ ಪುಟಗಳಿಗೆ ಹೋಗುತ್ತೇನೆ. ಅಲ್ಲಿ 'ನೋಟ್' ಅಂತ ಪುಟ್ಟ ಬರಹಗಳಿರುತ್ತವೆ. ಇಂಥ ಜೀವಿ ಇಂಥ ಜಾಗದಲ್ಲಿ ಮೊದಲ ಸಲ ಕಂಡಿತು ಅನ್ನುವಂಥವು. ನನಗೆ ಅವೇ ಇಷ್ಟ.

ಈ ಪತ್ರಿಕೆಯನ್ನು ಓದಲು ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಬರೆಯಲೂ ಕೊಡಬೇಕಿಲ್ಲ. ಎರಡನೆಯದೇ ದೊಡ್ಡ ಮಾತು. ಓಪನ್ ಆಕ್ಸೆಸ್, ಅಂದರೆ ಯಾರು ಬೇಕಾದರೂ ಓದಬಹುದಾದ ಪತ್ರಿಕೆ ಅಂದಾಗ ಎಲ್ಲವೂ ಪುಕ್ಕಟೆ ಅಂದುಕೊಳ್ಳುತ್ತೇವೆ, ಅಲ್ವಾ? ಬಹಳ ಕಡೆ ಓದುಗರ ಬದಲು ಬರೆದವರು ದುಡ್ಡು ಕಟ್ಟುತ್ತಾರೆ, ಅಷ್ಟೇ. 'ನೇಚರ್' ಪತ್ರಿಕೆ 2021ರಲ್ಲಿ ಒಂದು ಲೇಖನಕ್ಕೆ ಇಟ್ಟ ದರ 9,500 ಯೂರೋ. ಕೆರೆ ದಂಡೆಯಲ್ಲಿ ಹುಳ ಎಣಿಸುವ ನನ್ನಂಥವರು ಅದನ್ನು ಎಲ್ಲಿಂದ ತರುವುದು?

2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸರ್ಕಾರಿ ಕಾಲೇಜಿನ ಮಕ್ಕಳಿಗೆ ಸಾವಿರಾರು ಪತ್ರಿಕೆಗಳ ಬಾಗಿಲು ತೆರೆಯಿತು. ನನಗೆ ನಿಜಕ್ಕೂ ಖುಷಿಯಾಯಿತು. ಆದರೆ ನಾನು ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಯಾವ ಸಂಸ್ಥೆಯ ಲಾಗಿನ್ನೂ ನನ್ನ ಬಳಿ ಇಲ್ಲ. ನನಗೆ ಉಳಿದಿರುವುದು ಇಂಥ ಪತ್ರಿಕೆಗಳೇ.

ಮೈಸೂರಿನವಳಾಗಿ ಇನ್ನೊಂದು ಕಾರಣಕ್ಕೂ 'ಥ್ರೆಟೆಂಡ್ ಟ್ಯಾಕ್ಸಾ' ನನಗೆ ಹತ್ತಿರ. ಯೋಗ ಕಲಿಯಲು ಅಮೆರಿಕದಿಂದ ಇಲ್ಲಿಗೆ ಬಂದಿದ್ದ ಸ್ಯಾಲಿ ವಾಕರ್ ನಮ್ಮ ಮೃಗಾಲಯಕ್ಕೆ ಮನಸೋತರು. 'ಫ್ರೆಂಡ್ಸ್ ಆಫ್ ಮೈಸೂರು ಝೂ' ಕಟ್ಟಿದರು. ಆಮೇಲೆ 1985ರಲ್ಲಿ 'ಝೂ ಔಟ್‌ರೀಚ್ ಆರ್ಗನೈಸೇಷನ್' ಶುರು ಮಾಡಿದರು. ಆ ಸಂಸ್ಥೆಯ 'ಝೂಸ್ ಪ್ರಿಂಟ್ ಜರ್ನಲ್' 2009ರಲ್ಲಿ ಈಗಿನ ಹೆಸರು ಪಡೆಯಿತು. ಸ್ಯಾಲಿ 2019ರಲ್ಲಿ ತೀರಿಕೊಂಡರು. ಮೃಗಾಲಯದ ಗೇಟಿನ ಮುಂದೆ ಹಾದುಹೋಗುವಾಗೆಲ್ಲ ಅವರ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಬೇರೊಂದು ಪತ್ರಿಕೆಗೆ ದುಡ್ಡು ಕಟ್ಟಿ ಲೇಖನ ಹಾಕಿಸಿದಳು. ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ ಅಂದಿದ್ದರು. ಹಾಗೇ ಮಾಡಿದರು. ಹಾಕುವ ಮೊದಲು ಅಲ್ಲಿ ಯಾರೂ ಓದಿರಲಿಲ್ಲ. ಅವಳು ತಪ್ಪಾಗಿ ಟೈಪ್ ಮಾಡಿದ್ದ ಜೀವಿಯ ಹೆಸರು ತಪ್ಪಾಗಿಯೇ ಬಂತು. ಅವಳು ಅತ್ತಳು. ಮೊದಲೇ ಓದಿ ತಿದ್ದಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಪ್ರಕಟಿಸುವ ಮೊದಲು ವಿಷಯ ಬಲ್ಲ ವಿಮರ್ಶಕರು ಓದುವುದು ಅಂದರೆ ಏನು ಅಂತ ಅವಳಿಗೆ ಈಗ ಗೊತ್ತಾಗಿದೆ. ನಾವಿಬ್ಬರೂ ಸೇರಿ ಏರೋಪ್ಲೇನ್ ಚಿಟ್ಟೆಯ ಬಗ್ಗೆ ಒಂದು ಪುಟ್ಟ ಬರಹ ಸಿದ್ಧ ಮಾಡಿ, ಆ ಹುಳುಗಳನ್ನು ಬಲ್ಲ ಗೆಳೆಯರೊಬ್ಬರಿಗೆ ತೋರಿಸಿದೆವು. ಅವರು ಕೇಳಿದ್ದು ಒಂದೇ: ಗಂಡಿನ ಬಾಲದ ತುದಿಯ ಕೊಂಡಿಗಳ ಫೋಟೋ ಎಲ್ಲಿ? ಒಂದೇ ಥರ ಕಾಣುವ ಎಷ್ಟೋ ಜಾತಿಗಳನ್ನು ಬೇರೆ ಮಾಡಿ ಹೇಳುವುದು ಆ ಕೊಂಡಿಗಳ ಆಕಾರವೇ. ನಮ್ಮ ಫೋಟೋಗಳಲ್ಲಿ ಬರೀ ಚೆಂದದ ರೆಕ್ಕೆಗಳಿದ್ದವು.

ಇನ್ನೊಂದು ಅನುಕೂಲ ಹೇಳಲೇಬೇಕು. 'ಥ್ರೆಟೆಂಡ್ ಟ್ಯಾಕ್ಸಾ'ದ ಲೇಖನಗಳನ್ನು ಕನ್ನಡಕ್ಕೆ ತರಲು ಯಾರ ಅನುಮತಿಯನ್ನೂ ಕಾಯಬೇಕಿಲ್ಲ. ಬರೆದವರ ಹೆಸರು, ಮೂಲ ಎಲ್ಲಿಯದು, ಇಷ್ಟು ಸರಿಯಾಗಿ ಹಾಕಿದರೆ ಸಾಕು. ಹಾಗಾಗಿ ತಿಂಗಳಿಗೆ ಒಂದು 'ನೋಟ್' ಆರಿಸಿ, ಕನ್ನಡದಲ್ಲಿ ಬರೆದು, ನಮ್ಮ ಬೀದಿಯ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ. ಹೋದ ತಿಂಗಳು ಒಬ್ಬ ಹುಡುಗ ಬಂದು, "ಮಿಸ್, ಈ ಜೇಡ ನಮ್ಮ ಹಿತ್ತಲಲ್ಲೂ ಇದೆ" ಅಂದ. ಅದು ಬೇರೆ ಜೇಡ. ಆದರೂ ಹೋಗಿ ನೋಡಿ ಬಂದೆ.

ಈ ಭಾನುವಾರ ನಾವಿಬ್ಬರೂ ಮತ್ತೆ ಕೆರೆಗೆ ಹೋಗುತ್ತಿದ್ದೇವೆ. ಅವಳು ಮ್ಯಾಕ್ರೋ ಲೆನ್ಸ್ ತರುತ್ತಾಳೆ. ಬಿಸಿಲು ಬಂದರೆ ಗಂಡು ಹುಳು ದಂಡೆಯ ಜೊಂಡಿನ ಮೇಲೆ ಕೂರುತ್ತದೆ.