ಹಿತಕಿದ ಬೇಳೆಗೆ ಫ್ರೀಜ್ ಡ್ರೈಯಿಂಗ್: ಜನವರಿಯ ಅವರೆ ಜುಲೈ ಮಳೆಗೆ

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಒಳ್ಳೆಯ ಅವರೆಕಾಯಿ ಸಿಗುವುದು ಕಷ್ಟ. ಬಿಸಿಲಲ್ಲಿ ಒಣಗಿಸಿದ ಕಾಳು ಕಲ್ಲಾಗುತ್ತದೆ, ಎಷ್ಟು ಬೇಯಿಸಿದರೂ ಹಸಿ ಅವರೆಯ ರುಚಿ ಬರುವುದಿಲ್ಲ. ಮನೆಯಲ್ಲಿ ಫ್ರೀಜ್ ಡ್ರೈಯರ್ (ಹೆಪ್ಪುಗಟ್ಟಿಸಿದ ಪದಾರ್ಥದ ಸುತ್ತಲಿನ ಗಾಳಿ ಎಳೆದು, ಅದರ ಮಂಜನ್ನು ನೇರವಾಗಿ ಆವಿ ಮಾಡಿ ಒಣಗಿಸುವ ಯಂತ್ರ) ಇಟ್ಟುಕೊಂಡವರು ಮಾವಿನಹಣ್ಣಿನ ಬದಲು ಹಿತಕಿದ ಬೇಳೆಯಿಂದ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಮಾವಿನಲ್ಲಿ ಸಕ್ಕರೆ ಜಾಸ್ತಿ, ಸ್ವಲ್ಪ ಯಾಮಾರಿದರೂ ಅಂಟಾಗಿ ಕೂರುತ್ತದೆ. ಬೇಳೆಯಲ್ಲಿ ಆ ಕಾಟವಿಲ್ಲ. ಜೊತೆಗೆ, ಸಿಪ್ಪೆ ಇರುವ ಕಾಳಿನಿಂದ ಆವಿ ಹೊರಬರಲು ಒದ್ದಾಡುತ್ತದೆ. ನಮ್ಮ ಅಡುಗೆಮನೆಯಲ್ಲಿ ಮೊದಲಿಂದಲೂ ಮಾಡುವ ಹಿತಕುವ ಕೆಲಸವೇ ಇಲ್ಲಿ ಅರ್ಧ ತಯಾರಿ.

ಕಾಳನ್ನು ರಾತ್ರಿಯಿಡೀ ನೆನೆಸಿ ಹಿತಕಿ. ಕುದಿಯುವ ನೀರಿಗೆ ಹಾಕಿ ಎರಡು ನಿಮಿಷಕ್ಕೆ ತೆಗೆದು ತಣ್ಣೀರಿಗೆ ಬಿಡಿ. ಇದನ್ನು ಬಿಟ್ಟರೆ ಬೇಳೆಯೊಳಗಿನ ಕಿಣ್ವಗಳು ಹಾಗೇ ಉಳಿದು, ಮುಂದೆ ಒಂಥರಾ ಹಸಿ ಕಮಟು ವಾಸನೆ ಕೊಡುತ್ತವೆ. ಬಟ್ಟೆಯ ಮೇಲೆ ನೀರಾರಿಸಿ, ಟ್ರೇಯಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪ ಆಗದಂತೆ ಹರಡಿ, ಮನೆಯ ಫ್ರೀಜರ್‌ನಲ್ಲಿ -18 ಡಿಗ್ರಿಯಲ್ಲಿ 24 ಗಂಟೆ ಇಡಿ. ಟ್ರೇಯನ್ನು ಬೇಳೆ ಸಮೇತ ತೂಗಿ ಬರೆದಿಟ್ಟುಕೊಳ್ಳಿ. ಎಷ್ಟು ನೀರು ಇಳಿಯಿತು ಅಂತ ಲೆಕ್ಕ ಹಾಕಲು ಈ ಅಂಕಿ ಮುಂದೆ ಬೇಕು.

ಯಂತ್ರದ ಚೇಂಬರ್ ಮೊದಲೇ ತಣ್ಣಗಾಗಿರಲಿ, -30 ಡಿಗ್ರಿಗಿಂತ ಕೆಳಗೆ. ಆಮೇಲೆ ಒಳಗಿನ ಗಾಳಿ ಎಳೆಯುವ ಪಂಪ್ ಹಾಕಿ. ಒತ್ತಡ 500 ಮಿಲಿಟಾರ್‌ಗೆ (ಮಿಲಿಟಾರ್ ಅಂದರೆ ತೀರಾ ಕಡಿಮೆ ಒತ್ತಡ ಅಳೆಯುವ ಮಾನ) ಇಳಿದಾಗ ಮಂಜು ಸುಮಾರು -24 ಡಿಗ್ರಿಯಲ್ಲೇ ಕರಗದೆ ನೇರವಾಗಿ ಆವಿಯಾಗುತ್ತದೆ. ಆ ಆವಿ ಹೋಗಿ ಕೂರಬೇಕಾದ ಕಂಡೆನ್ಸರ್ ಗೋಡೆ ಅದಕ್ಕಿಂತ ತಣ್ಣಗಿರಲೇಬೇಕು, -40 ಇದ್ದರೆ ನೆಮ್ಮದಿ. ಟ್ರೇ ಕೂರುವ ಶೆಲ್ಫಿನ ಬಿಸಿ 45 ಡಿಗ್ರಿ ಸಾಕು. ಬೇಗ ಮುಗಿಯಲಿ ಅಂತ ಏರಿಸಿದರೆ ಒಳಗಿನ ಮಂಜು ಕರಗಿ ಬೇಳೆ ಕುಗ್ಗುತ್ತದೆ, ಆಮೇಲೆ ನೀರು ಸರಿಯಾಗಿ ಹೀರುವುದಿಲ್ಲ. ಒಂದು ಸುತ್ತಿಗೆ ಒಂದರಿಂದ ಎರಡು ದಿನ ಹಿಡಿಯುತ್ತದೆ.

ಬೆಂಗಳೂರಿನವರು ಸುಮ್ಮನೆ ತಲೆ ಕೆಡಿಸಿಕೊಳ್ಳುವ ಒಂದು ವಿಷಯವಿದೆ. ಮುಳ್ಳಿನ ವ್ಯಾಕ್ಯೂಮ್ ಗೇಜ್‌ನಲ್ಲಿ 30 ಇಂಚಿನವರೆಗೆ (ಪಾದರಸದ ಲೆಕ್ಕದಲ್ಲಿ) ಗುರುತಿರುತ್ತದೆ, ಇಲ್ಲಿ ಮುಳ್ಳು 27ಕ್ಕೇ ನಿಂತುಬಿಡುತ್ತದೆ. ಅದು ಲೀಕ್ ಅಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಹೊರಗಿನ ಗಾಳಿಯ ಒತ್ತಡವೇ ಅಷ್ಟು. ಮಿಲಿಟಾರ್ ತೋರಿಸುವ ಡಿಜಿಟಲ್ ಗೇಜ್ ನೋಡಿ. ಅದರಲ್ಲೂ ಇಳಿಯದಿದ್ದರೆ ಮೊದಲು ಬಾಗಿಲಿನ ಗ್ಯಾಸ್ಕೆಟ್ (ಸುತ್ತಲಿನ ರಬ್ಬರ್ ಪಟ್ಟಿ) ಒರೆಸಿ. ಒಂದು ಕೂದಲೆಳೆ ಸಿಕ್ಕಿಕೊಂಡಿದ್ದರೂ ಸಾಕು. ಆಮೇಲೆ ಪಂಪಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ನೋಡಿ. ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ. ಪಂಪ್ ಬಿಸಿ ಇರುವಾಗಲೇ ಬಸಿದು ಹೊಸ ಎಣ್ಣೆ ಹಾಕಿ.

ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಐದು ಹತ್ತು ನಿಮಿಷದಲ್ಲಿ ಬಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೆಚ್ಚು ಹೊತ್ತಾದರೆ ಟ್ರೇಗಳನ್ನು ಫ್ರೀಜರ್‌ಗೆ ಸಾಗಿಸಿ, ಚೇಂಬರಿನ ಮಂಜು ಕರಗಿಸಿ ಒರೆಸಿ, ಹೊಸದಾಗಿ ಶುರು ಮಾಡಿ.

ಹೆಚ್ಚಿನವರು ಎಡವುವುದು ಕೊನೆಯ ಹಂತದಲ್ಲಿ. ಯಂತ್ರ ಮುಗಿಯಿತು ಅಂದರೂ ನಂಬಬೇಡಿ. ಟ್ರೇಯ ನಡುವಿನ ದಪ್ಪ ಬೇಳೆಯೊಂದನ್ನು ಮುರಿಯಿರಿ: ಟಪ್ ಅಂತ ಮುರಿದು ಒಳಗೆ ಸೀಮೆಸುಣ್ಣದಂತೆ ಪುಡಿಯಾಗಬೇಕು. ನಡುವೆ ಕಪ್ಪು ಛಾಯೆಯೋ ತಣ್ಣನೆಯ ಚುಕ್ಕೆಯೋ ಕಂಡರೆ ಇನ್ನೂ ಮಂಜಿದೆ. ಟ್ರೇ ತೂಗಿ, ಮತ್ತೆರಡು ಗಂಟೆ ಓಡಿಸಿ, ಮತ್ತೆ ತೂಗಿ. ಒಂದು ಗ್ರಾಂ ಕೂಡ ಇಳಿಯದಿದ್ದರೆ ಒಣಗಿದೆ. ಕೊನೆಗೆ ಚೇಂಬರಿನೊಳಗೆ ಗಾಳಿ ಬಿಡುವಾಗ ಶೆಲ್ಫ್ ಬೆಚ್ಚಗಿರಲಿ. ತಣ್ಣನೆಯ ಬೇಳೆಗೆ ಹೊರಗಿನ ಗಾಳಿ ತಾಗಿದರೆ ಅದರ ತೇವವೆಲ್ಲ ಬೇಳೆಯ ಮೇಲೆ ಕೂರುತ್ತದೆ. ಕವರ್‌ಗಳನ್ನು ಮೊದಲೇ ಜೋಡಿಸಿಟ್ಟು ಹತ್ತು ನಿಮಿಷದೊಳಗೆ ತುಂಬಿ ಮುಗಿಸಿ, ಮಳೆಗಾಲವಾದರೆ ಇನ್ನೂ ಬೇಗ.

ಕವರ್ ಅಂದರೆ ಒಳಗೆ ಅಲ್ಯೂಮಿನಿಯಂ ಪದರ ಇರುವುದೇ ಆಗಬೇಕು. ಆಚೆ ಈಚೆ ಕಾಣುವ ಪ್ಲಾಸ್ಟಿಕ್‌ನಲ್ಲಿ ನಿಧಾನಕ್ಕೆ ಆಮ್ಲಜನಕ ನುಸುಳುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಸಿಸಿ ಆಮ್ಲಜನಕ ಇರುವುದರಿಂದ, ಒಂದು ಲೀಟರ್ ಕವರಿಗೆ 300 ಸಿಸಿಯ ಒಂದು ಆಕ್ಸಿಜನ್ ಅಬ್ಸಾರ್ಬರ್ (ಆಮ್ಲಜನಕ ಹೀರುವ ಪುಡಿಯ ಪುಟ್ಟ ಪೊಟ್ಟಣ) ಧಾರಾಳವಾಯಿತು. ಪೊಟ್ಟಣ ಮುಟ್ಟಿದರೆ ಒಳಗಿನ ಪುಡಿ ಮೆತ್ತಗೆ ಸರಿದಾಡಬೇಕು, ಬಿಲ್ಲೆಯಂತೆ ಗಟ್ಟಿಯಾಗಿದ್ದರೆ ಅದರ ಶಕ್ತಿ ಮುಗಿದಿದೆ. ಅದರ ಜೊತೆ ತೇವ ಹೀರುವ ಸಿಲಿಕಾ ಜೆಲ್ ಹಾಕಬೇಡಿ. ಅಬ್ಸಾರ್ಬರ್ ಒಳಗಿನ ಕಬ್ಬಿಣದ ಪುಡಿ ಕೆಲಸ ಮಾಡಲು ಚೂರು ತೇವ ಬೇಕು. ಕವರ್ ಮೇಲೆ ತಾರೀಖಿನ ಜೊತೆ, ಕಡಿಮೆಯಾದ ತೂಕವನ್ನು ಆ ಕವರಿನ ಪಾಲಿಗೆ ಲೆಕ್ಕ ಹಾಕಿ ಬರೆಯಿರಿ. ಬೇಳೆಗೆ ವಾಪಸ್ ಸೇರಿಸಬೇಕಾದ ನೀರು ಅಷ್ಟೇ: 600 ಗ್ರಾಂ ಇಳಿದಿದ್ದರೆ 600 ಮಿಲಿ. ನೆನೆದ ಮೇಲೆ ಸಾರಿನಲ್ಲಿ ಪೂರ್ತಿ ಬೇಯಿಸಲೇಬೇಕು. ಫ್ರೀಜ್ ಡ್ರೈಯಿಂಗ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ.

ಸಾರನ್ನೇ ಒಣಗಿಸುವ ಆಸೆ ಇದ್ದರೆ ಒಗ್ಗರಣೆ, ತೆಂಗಿನಕಾಯಿ ಬಿಟ್ಟು ಮಾಡಿ. ಕೊಬ್ಬು ಒಣಗುವುದಿಲ್ಲ, ಕವರಿನೊಳಗೇ ಮುಗ್ಗುತ್ತದೆ.

ತಿಂಗಳು ಕಳೆದ ಮೇಲೆ ಪ್ರತಿ ಸುತ್ತಿನಿಂದ ಒಂದು ಕವರ್ ಬಿಚ್ಚಿ ಬೇಳೆ ಮುರಿದು ನೋಡಿ. ಟಪ್ ಅಂದರೆ ಉಳಿದದ್ದನ್ನು ಕತ್ತಲಲ್ಲಿ, ತಂಪಿನಲ್ಲಿ ಇಡಿ. ಬಾಗಿದರೆ ಆ ಸುತ್ತಿನ ಅಷ್ಟೂ ಕವರ್‌ಗಳನ್ನು ಬಿಸಾಡಿ, ರುಚಿ ನೋಡಲೂ ಹೋಗಬೇಡಿ. ತೇವ ಇದ್ದು ಆಮ್ಲಜನಕ ಇಲ್ಲದ ಕಡೆ ಬಾಟುಲಿಸಂ ವಿಷ ಹುಟ್ಟಬಹುದು, ಅದಕ್ಕೆ ವಾಸನೆ ಬರಲೇಬೇಕೆಂದಿಲ್ಲ.